ತಂಪು ನಾಡಿನ ಮೂರು ಶಾರ್ಡನೇ: ಸೊನೋಮಾ ಕರಾವಳಿ, ಶಾಬ್ಲಿ, ಹೆಮೆಲ್-ಎನ್-ಆರ್ಡೆ

ಶಾರ್ಡನೇ ಅನ್ನುವ ಬಿಳಿ ದ್ರಾಕ್ಷಿಯ ವೈನ್ ಅಂದ್ರೆ ಬೆಣ್ಣೆ, ವೆನಿಲಾ, ಬಾಯಿಗೆ ಭಾರ ಅಂತ ದೂರ ಇಡುವವರು ತುಂಬಾ ಜನ. ಅವರು ತಂಪು ಜಾಗದ ಶಾರ್ಡನೇ ಕುಡಿದು ನೋಡಬೇಕು. ಆದರೆ ತಂಪಿನಲ್ಲೂ ಬಗೆಬಗೆ ಇದೆಯಲ್ವಾ? ಅದಕ್ಕೇ ಮೂರು ಬಾಟಲಿ ಒಟ್ಟಿಗೆ ತೆರೆದೆ. ಕ್ಯಾಲಿಫೋರ್ನಿಯಾದ ಸೊನೋಮಾ ಕರಾವಳಿಯ ಫೋರ್ಟ್ ರಾಸ್-ಸೀವ್ಯೂ ಪ್ರದೇಶದ್ದು, ಫ್ರಾನ್ಸಿನ ಶಾಬ್ಲಿ ಪ್ರೀಮಿಯೇ ಕ್ರೂ (ಅಂದ್ರೆ ಮೇಲ್ದರ್ಜೆಯ ತೋಟಗಳದ್ದು), ದಕ್ಷಿಣ ಆಫ್ರಿಕಾದ ಹೆಮೆಲ್-ಎನ್-ಆರ್ಡೆ.

ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದಾಗ ಮೂರೂ ಹೆಚ್ಚುಕಡಿಮೆ ಒಂದೇ. ತಣ್ಣಗಿನ ಹುಳಿ, ಅಷ್ಟೇ. ಗ್ಲಾಸಿನ ಮೇಲಿನ ಹನಿ ಆರಿ, ವೈನ್ 11-12 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ಒಂದೊಂದೂ ತನ್ನ ಗುಣ ತೋರಿಸಿತು. ದಯವಿಟ್ಟು ಇಷ್ಟು ಹೊತ್ತು ಕಾಯಿರಿ.

ಶಾಬ್ಲಿ ಬಿಗಿಯಾಗಿತ್ತು. ಹಸಿರು ಸೇಬು, ನಿಂಬೆ ಸಿಪ್ಪೆ, ಕೊನೆಯಲ್ಲಿ ನಾಲಿಗೆಯ ಅಂಚಿನಲ್ಲಿ ಉಪ್ಪುಪ್ಪು. ಶಾಬ್ಲಿ ಕಡಲಿಂದ ದೂರದ ಒಳನಾಡು. ಆದರೆ ಅಲ್ಲಿನ ಒಳ್ಳೆಯ ತೋಟಗಳ ಕಿಮ್ಮೆರಿಡ್ಜಿಯನ್ ಅನ್ನುವ ಹಳೆಯ ಭೂಯುಗದ ಸುಣ್ಣದ ಮಣ್ಣಿನಲ್ಲಿ ಪುಟಾಣಿ ಸಿಂಪಿಗಳ ಪಳೆಯುಳಿಕೆ ತುಂಬಿದೆ. ಆ ಉಪ್ಪಿನ ರುಚಿ ಸಿಂಪಿಯಿಂದಲೇ ಬರುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಬೇರು ಕಲ್ಲಿನ ರುಚಿಯನ್ನು ಹಾಗೆಹಾಗೇ ಹೀರಿ ಹಣ್ಣಿಗೆ ತುಂಬುವುದಿಲ್ಲ. 48ನೇ ಡಿಗ್ರಿ ಅಕ್ಷಾಂಶದ ಚಳಿ ಹಣ್ಣಿನ ಹುಳಿಯನ್ನು ಉಳಿಸುತ್ತದೆ. ಓಕ್ ಮರದ ಪೀಪಾಯಿ ಕಡಿಮೆ ಬಳಸುವುದರಿಂದ ಆ ಹುಳಿಗೆ ಮುಸುಕು ಬೀಳುವುದಿಲ್ಲ.

ಸೊನೋಮಾದ ಲೆಕ್ಕವೇ ಬೇರೆ. ಅದು 38ನೇ ಡಿಗ್ರಿ, ಸುಮಾರು ಅಥೆನ್ಸ್ ಇರುವಷ್ಟೇ ದಕ್ಷಿಣಕ್ಕೆ. ತಂಪು ಬರುವುದು ಪೆಸಿಫಿಕ್‌ನಿಂದ. ಆಳದ ತಣ್ಣೀರು ಅಲ್ಲಿ ಮೇಲಕ್ಕೆ ಬರುತ್ತದೆ, ಅದರ ಮೇಲೆ ಮಂಜು ಕಟ್ಟುತ್ತದೆ. ಫೋರ್ಟ್ ರಾಸ್-ಸೀವ್ಯೂ ತೋಟಗಳು ಹೆಚ್ಚಾಗಿ 900 ಅಡಿಗಿಂತ ಮೇಲಿನ ದಿಣ್ಣೆಗಳಲ್ಲಿವೆ. ಮಂಜು ಕೆಳಗೇ ನಿಲ್ಲುತ್ತದೆ, ಬಳ್ಳಿಗೆ ಬಿಸಿಲು ಸಿಗುತ್ತದೆ, ಗಾಳಿ ಮಾತ್ರ ತಣ್ಣಗೇ ಇರುತ್ತದೆ. ಅದಕ್ಕೇ ಹಣ್ಣು ಪೂರ್ತಿ ಮಾಗಿದರೂ ಹುಳಿ ಸಾಯುವುದಿಲ್ಲ. ನನ್ನ ಗ್ಲಾಸಿನಲ್ಲಿ ಪೇರು (ಪಿಯರ್), ಕಿತ್ತಳೆ ಸಿಪ್ಪೆ, ಆಮೇಲೆ ಹುರಿದ ಬಾದಾಮಿಯ ಘಮ. ನುಂಗಿದ ಮೇಲೂ ಬಾಯಲ್ಲಿ ನೀರೂರುತ್ತಲೇ ಇತ್ತು.

ಈ ಸೊನೋಮಾದಲ್ಲಿ ಬೆಣ್ಣೆಯ ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಬ್ಯಾಕ್ಟೀರಿಯಾ ಮ್ಯಾಲಿಕ್ ಆಮ್ಲವನ್ನು, ಅಂದ್ರೆ ಹಸಿ ಸೇಬಿನ ಹುಳಿಯನ್ನು, ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುವಾಗ ಡೈಅಸಿಟೈಲ್ ಹುಟ್ಟುತ್ತದೆ. ಬೆಣ್ಣೆಯ ವಾಸನೆ ಅದರದ್ದೇ. ವೈನನ್ನು ತಳದಲ್ಲಿ ಕೂತ ಯೀಸ್ಟಿನ ಮೇಲೇ ಸಾಕಷ್ಟು ಕಾಲ ಬಿಟ್ಟರೆ ಆ ಯೀಸ್ಟೇ ಡೈಅಸಿಟೈಲನ್ನು ಕರಗಿಸುತ್ತದೆ. ಹಾಗಾಗಿ ಬೆಣ್ಣೆ ಬೇಕೋ ಬೇಡವೋ ಅನ್ನುವುದು ಬಹುಮಟ್ಟಿಗೆ ಮಾಡುವವರ ಕೈಯಲ್ಲಿದೆ. ಶಾರ್ಡನೇ ದ್ರಾಕ್ಷಿಯನ್ನು ಸುಮ್ನೆ ಬೈಯಬೇಡಿ.

ಹೆಮೆಲ್-ಎನ್-ಆರ್ಡೆ ಎರಡರ ನಡುವೆ ನಿಂತಿತು. ಹರ್ಮಾನಸ್ ಊರಿನ ಹಿಂದಿನ ಕಣಿವೆ ಅದು, ಕಡಲ ಗಾಳಿ ನೇರ ಒಳಗೆ ಬರುತ್ತದೆ. ಹುಳಿ ಚೆನ್ನಾಗಿತ್ತು, ಮೈಕಟ್ಟೂ ಇತ್ತು. ನಾನು ತೆರೆದ ಬಾಟಲಿಯಲ್ಲಿ ಓಕ್ ಜಾಸ್ತಿ ಆಗಿ ಹಣ್ಣು ಹಿಂದೆ ಸರಿದಿತ್ತು. ಇನ್ನೊಂದೆರಡು ವರ್ಷ ಇಟ್ಟಿದ್ದರೆ ಹದಕ್ಕೆ ಬರುತ್ತಿತ್ತೇನೋ.

ನನ್ನ ಮೊದಲ ಆಯ್ಕೆ ಸೊನೋಮಾ. ಹಣ್ಣೂ ಹುಳಿಯೂ ಒಟ್ಟಿಗೆ ಸಿಕ್ಕಿದ್ದು ಅದರಲ್ಲೇ. ಚೂಪಾದ, ತೆಳ್ಳಗಿನ ವೈನ್ ಇಷ್ಟಪಡುವವರು ಕಣ್ಣುಮುಚ್ಚಿ ಶಾಬ್ಲಿ ತಗೊಳ್ಳಿ.

ಸೊನೋಮಾ ಕೊಳ್ಳುವಾಗ ಲೇಬಲ್ ಸರಿಯಾಗಿ ಓದಿ. 1987ರಲ್ಲಿ ಗುರುತಿಸಿದ 'ಸೊನೋಮಾ ಕೋಸ್ಟ್' ತುಂಬಾ ದೊಡ್ಡ ಪ್ರದೇಶ, ಕಡಲು ಕಾಣದ ಒಳಭಾಗದ ತೋಟಗಳೂ ಅದರಲ್ಲಿ ಸೇರುತ್ತವೆ. ನಿಜವಾಗಿ ಕಡಲಂಚಿನದು ಬೇಕಿದ್ದರೆ 'ಫೋರ್ಟ್ ರಾಸ್-ಸೀವ್ಯೂ' ಅಥವಾ 2022ರಲ್ಲಿ ಬಂದ 'ವೆಸ್ಟ್ ಸೊನೋಮಾ ಕೋಸ್ಟ್' ಅಂತ ಇರಬೇಕು. ಹಾಗೆ ಹೆಸರು ಹಾಕಲು ಕನಿಷ್ಠ 85% ದ್ರಾಕ್ಷಿ ಆ ಪ್ರದೇಶದ್ದೇ ಆಗಿರಬೇಕು ಅಂತ ಅಮೆರಿಕದ ನಿಯಮವಿದೆ.