ರೋಪ್ ಸೀಲ್, ಲಿಪ್ ಸೀಲ್, ಬಾಟಲಿಯ ದ್ರವ: ಗೇರ್‌ಬಾಕ್ಸ್ ಬದಲಿಸಿದ ಹಳೆಯ ಪಾಂಟಿಯಾಕ್‌ನಲ್ಲಿ ಆಯಿಲ್ ಸೋರಿಕೆ ನಿಲ್ಲಿಸಿದ್ದು ಯಾವುದು?

1965ರ ನನ್ನ ಪಾಂಟಿಯಾಕ್ ಲೆಮ್ಯಾನ್ಸ್ ಕಾರಿನಲ್ಲಿದ್ದ ಎರಡು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತೆಗೆದು ಐದು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಕೂರಿಸಿದ ಮೇಲೆ, 326 ಘನ ಇಂಚಿನ ವಿ8 ಎಂಜಿನ್‌ನ ಹಿಂಬದಿಯಲ್ಲಿ ಆಯಿಲ್ ತೊಟ್ಟಿಕ್ಕತೊಡಗಿತು. ಸೋರಿಕೆ ತಡೆಯುವ ದ್ರವ, ಹೊಸ ರೋಪ್ ಸೀಲ್ (ತಿರುಗುವ ಶಾಫ್ಟ್‌ನ ಸುತ್ತ ಆಯಿಲ್ ತಡೆಯುವ ಹುರಿ), ಎರಡು ತುಂಡಿನ ವೈಟಾನ್ ಲಿಪ್ ಸೀಲ್ (ಶಾಫ್ಟ್‌ಗೆ ಒತ್ತಿ ನಿಲ್ಲುವ ತುಟಿಯಿರುವ ಕೃತಕ ರಬ್ಬರ್ ಉಂಗುರ) ಈ ಮೂರನ್ನೂ ಎರಡು ವರ್ಷಗಳ ಅವಧಿಯಲ್ಲಿ ಇದೇ ಎಂಜಿನ್ ಮೇಲೆ ಪ್ರಯೋಗಿಸಿದ್ದೇನೆ. ಇವುಗಳಲ್ಲಿ ಲಿಪ್ ಸೀಲ್ ಉತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಸೋರುತ್ತಿದ್ದ ಆಯಿಲ್‌ನ ದೊಡ್ಡ ಪಾಲಿಗೆ ಎಂಜಿನ್‌ನ ಈ ಸೀಲ್ ಕಾರಣವೇ ಆಗಿರಲಿಲ್ಲ.

ಮೊದಲು ಬಳಸಿದ್ದು ಎಂಜಿನ್ ಆಯಿಲ್‌ಗೆ ಬೆರೆಸುವ ಬಾಟಲಿಯ ದ್ರವ. ಗಡಸಾದ ರಬ್ಬರನ್ನು ಮೆತ್ತಗಾಗಿಸಿ ಉಬ್ಬಿಸುವುದು ಅದರ ಕೆಲಸ. ಹೊಸ ಗೇರ್‌ಬಾಕ್ಸ್ ಕೂರಿಸುವಾಗ ನಾನು ಎಂಜಿನ್ ಬಿಚ್ಚಿರಲಿಲ್ಲವಾದ್ದರಿಂದ ಎಂಜಿನ್‌ನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಹಿಂತುದಿಯಲ್ಲಿ ಹಳೆಯ ರೋಪ್ ಸೀಲ್ ಹಾಗೆಯೇ ಇತ್ತು. ಅದು ಹೆಣೆದ ನಾರಿನ ಹುರಿಯೇ ಹೊರತು ರಬ್ಬರ್ ಅಲ್ಲ. ಉಬ್ಬಲು ಅದರಲ್ಲಿ ಏನೂ ಇರಲಿಲ್ಲ. ಮೂರು ವಾರ ಹನಿಗಳು ಕಡಿಮೆಯಾದಂತೆ ತೋರಿ, ಮತ್ತೆ ಮೊದಲಿನಂತಾಯಿತು. ರಬ್ಬರ್ ಸೀಲ್ ಇರುವ ಎಂಜಿನ್‌ನಲ್ಲಿ ಕೆಲಕಾಲ ದಿನ ದೂಡಲು ಈ ದ್ರವ ನೆರವಾಗಬಹುದು. ರೋಪ್ ಸೀಲ್ ಇರುವವರು ಇದಕ್ಕೆ ಹಣ ಸುರಿಯಬೇಕಿಲ್ಲ.

ಎರಡನೆಯದಾಗಿ ಎಂಜಿನ್ ಇಳಿಸಿ, ಕ್ರ್ಯಾಂಕ್‌ಶಾಫ್ಟ್ ಹೊರತೆಗೆದು, ಗ್ರಾಫೈಟ್ ಬೆರೆತ ಹೊಸ ರೋಪ್ ಸೀಲ್ ಹಾಕಿದೆ. ಹಿಂದಿನ ಕಾಲದ ರೋಪ್ ಸೀಲ್‌ಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು. ಹಾಗಾಗಿ ಹಳೆಯದನ್ನು ಒದ್ದೆ ಮಾಡಿಯೇ ತೆಗೆಯಬೇಕು, ಒಣಗಿದ್ದಾಗ ಕೆರೆಯಬಾರದು. ಹೊಸ ಹುರಿಯನ್ನು ತೋಡಿನೊಳಗೆ ನಯವಾದ ದುಂಡು ಸರಳಿನಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಬೇಕು, ತುದಿಗಳನ್ನು ಹರಿತವಾದ ಬ್ಲೇಡಿನಿಂದ ಒಂದೇ ಸಲಕ್ಕೆ ಕತ್ತರಿಸಬೇಕು. ಒಂದು ಎಳೆ ಎದ್ದು, ಶಾಫ್ಟನ್ನು ಕೆಳಗಿನಿಂದ ಹಿಡಿದಿಡುವ ಮೇನ್ ಕ್ಯಾಪ್‌ನ ಅಡಿಗೆ ಸಿಕ್ಕಿಕೊಂಡರೂ ಕ್ಯಾಪ್ ಸರಿಯಾಗಿ ಕೂರುವುದಿಲ್ಲ. ನನಗೆ ಇದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ಶಾಫ್ಟ್‌ನ ಮೇಲೆ ಕಾರ್ಖಾನೆಯಲ್ಲೇ ಕೆತ್ತಿದ ಓರೆ ಗೀರುಗಳೊಂದಿಗೆ ಹೊಂದಿಕೊಳ್ಳುವುದು ರೋಪ್ ಸೀಲ್‌ನ ದೊಡ್ಡ ಗುಣ. ಆದರೂ ಎಂಟು ತಿಂಗಳ ಕಾಲ, ಕಾರು ಮೂರು ದಿನ ನಿಂತರೆ ನೆಲದಲ್ಲಿ ಅಂಗೈ ಅಗಲದ ಕಲೆ ಬೀಳುತ್ತಲೇ ಇತ್ತು.

ನಾನು ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಮಾಡಿದ್ದು ಆಗ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಗಂಟೆಯಾಕಾರದ ಕವಚವಾದ ಬೆಲ್‌ಹೌಸಿಂಗ್‌ನ ಕೆಳಗಿನ ರಂಧ್ರದಡಿ ಬಿಳಿಯ ಹೀರುಕಾಗದ ಹಾಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಕಲೆಯ ನಡುಭಾಗ ಕಂದುಗಪ್ಪಾಗಿತ್ತು, ಸುತ್ತಲೂ ಬೆರಳಗಲದ ತಿಳಿಗೆಂಪು ಅಂಚು ಹರಡಿತ್ತು. ನನ್ನ ಹೊಸ ಗೇರ್‌ಬಾಕ್ಸ್‌ಗೆ ಹಾಕುವುದು ಕೆಂಪು ಬಣ್ಣದ ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್). ಅಂದರೆ ಎಂಜಿನ್‌ನ ಆಯಿಲ್ ಮತ್ತು ಗೇರ್‌ಬಾಕ್ಸ್‌ನ ಆಯಿಲ್ ಎರಡೂ ಒಂದೇ ರಂಧ್ರದಿಂದ ಇಳಿಯುತ್ತಿದ್ದವು. ನಾನು ಎಲ್ಲವನ್ನೂ ಕ್ರ್ಯಾಂಕ್‌ಶಾಫ್ಟ್ ಸೀಲ್‌ನ ತಲೆಗೆ ಕಟ್ಟಿದ್ದೆ.

ಗೇರ್‌ಬಾಕ್ಸ್ ಇಳಿಸಿ, ಕ್ರ್ಯಾಂಕ್‌ಶಾಫ್ಟ್‌ನ ತುದಿಯ ಚಕ್ರವಾದ ಫ್ಲೈವೀಲ್‌ಗೆ ಡಯಲ್ ಗೇಜ್ (ಸೂಕ್ಷ್ಮ ಸರಿತವನ್ನು ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಕಟ್ಟಿ, ಬೆಲ್‌ಹೌಸಿಂಗ್‌ನ ದುಂಡು ಬಾಯಿಯ ಸುತ್ತ ತಿರುಗಿಸಿ ನೋಡಿದಾಗ ಮುಳ್ಳು ಒಟ್ಟು 0.014 ಇಂಚು ಸರಿಯಿತು. ಕ್ರ್ಯಾಂಕ್‌ಶಾಫ್ಟ್‌ನ ಕೇಂದ್ರಕ್ಕೂ ಆ ಬಾಯಿಯ ಕೇಂದ್ರಕ್ಕೂ ಇರುವ ನಿಜವಾದ ಅಂತರ ಅದರ ಅರ್ಧ, ಅಂದರೆ 0.007 ಇಂಚು. ಕೂದಲೆಳೆಯಷ್ಟಿರುವ ಈ ವ್ಯತ್ಯಾಸವೇ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟನ್ನು ಪ್ರತಿ ಸುತ್ತಿನಲ್ಲೂ ಬದಿಗೆ ಒತ್ತಿ, ಅದರ ಮುಂದಿನ ಸೀಲ್‌ನ ತುಟಿಯನ್ನು ಒಂದೇ ಮಗ್ಗುಲಲ್ಲಿ ಸವೆಸಿತ್ತು. ಬೆಲ್‌ಹೌಸಿಂಗನ್ನು ಎಂಜಿನ್‌ಗೆ ಹೊಂದಿಸಿ ಕೂರಿಸುವ 0.007 ಇಂಚಿನ ಆಫ್‌ಸೆಟ್ (ಕೇಂದ್ರದಿಂದ ಸರಿದ) ಡೊವೆಲ್ ಪಿನ್‌ಗಳನ್ನು ಹಾಕಿ ಸರಿಯಾದ ದಿಕ್ಕಿಗೆ ತಿರುಗಿಸಿದ ಮೇಲೆ ಮುಳ್ಳಿನ ಸರಿತ 0.003 ಇಂಚಿಗೆ ಇಳಿಯಿತು. ಬೇರೆ ಗೇರ್‌ಬಾಕ್ಸ್ ಕೂರಿಸುವವರು ಯಾವ ಸೀಲ್ ಕೊಳ್ಳುವುದೆಂದು ಯೋಚಿಸುವ ಮುನ್ನ ಈ ಅಳತೆಯನ್ನು ತೆಗೆದುಕೊಳ್ಳಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಅದೇ ವಾರ ಇನ್ನೊಂದು ದೋಷವೂ ಕಂಡಿತು. ನಿಧಾನ ವೇಗದಲ್ಲಿ ಓಡುತ್ತಿದ್ದ ಎಂಜಿನ್‌ನ ಆಯಿಲ್ ತುಂಬುವ ಬಾಯಿಗೆ ತೆಳುವಾದ ರಬ್ಬರ್ ಕೈಗವಸು ಬಿಗಿದಾಗ, ಒಳಕ್ಕೆ ಎಳೆದುಕೊಳ್ಳಬೇಕಿದ್ದ ಅದು ಐದೂ ಬೆರಳು ನಿಗುರಿಸಿ ಉಬ್ಬಿ ನಿಂತಿತು. ಎಂಜಿನ್‌ನ ಒಳಗಿನ ಅನಿಲವನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಕಟ್ಟಿಕೊಂಡು ಕ್ರ್ಯಾಂಕ್‌ಕೇಸ್‌ನ (ಕ್ರ್ಯಾಂಕ್‌ಶಾಫ್ಟ್ ಇರುವ ಕೆಳಗಿನ ಕೋಣೆಯ) ಒತ್ತಡವೆಲ್ಲ ಸೀಲ್‌ಗಳ ಮೇಲೆ ಬೀಳುತ್ತಿತ್ತು. ವಾಲ್ವ್ ಬದಲಿಸಿದ ಮೇಲೆ ರೋಪ್ ಸೀಲ್‌ನ ಸೋರಿಕೆಯೇ ಕಣ್ಣಿಗೆ ಕಾಣುವಷ್ಟು ತಗ್ಗಿತು. ಆದ್ದರಿಂದ ಹಿಂದಿನ ಎಂಟು ತಿಂಗಳ ಫಲಿತಾಂಶವನ್ನು ಪೂರ್ತಿಯಾಗಿ ರೋಪ್ ಸೀಲ್‌ನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಹೀಗೆ ಎಲ್ಲವನ್ನೂ ಸರಿಪಡಿಸಿದ ಮೇಲೂ ದಿನಕ್ಕೆರಡು ಹನಿ ಉಳಿದಿದ್ದರಿಂದ ಲಿಪ್ ಸೀಲ್ ಹಾಕಿದೆ. ತುಟಿ ಎಂಜಿನ್‌ನ ಒಳಮುಖಕ್ಕಿರಬೇಕು. ಎರಡು ತುಂಡುಗಳ ಕೂಡುಗೆರೆ ಮೇನ್ ಕ್ಯಾಪ್‌ನ ಕೂಡುಗೆರೆಗೆ ನೇರವಾಗಿರದೆ ಒಂದು ಸೆಂಟಿಮೀಟರಿನಷ್ಟು ಸರಿದಿರಬೇಕು. ಕ್ಯಾಪ್‌ನ ಅಂಚಿಗೆ ಸೀಲಂಟ್ ತೆಳುವಾಗಿ ಸವರಿದರೆ ಸಾಕು. ಮೇಲಿನ ತುಂಡನ್ನು ಶಾಫ್ಟ್ ಇಳಿಸದೆಯೇ ಸುತ್ತಿನಲ್ಲಿ ತಳ್ಳಿ ಕೂರಿಸಬಹುದು. ದುಡಿಮೆಯ ದೃಷ್ಟಿಯಿಂದ ರೋಪ್ ಸೀಲ್‌ಗಿಂತ ಇದು ಬಹಳ ಮೇಲು. ಆದರೆ ಇದು ಶಾಫ್ಟ್‌ನ ತಪ್ಪನ್ನು ಕ್ಷಮಿಸುವುದಿಲ್ಲ: ಚೂಪಾದ ಗೀರಿನ ಮೇಲೆ ತುಟಿ ಹರಿಯುತ್ತದೆ. ನಾನು ಶಾಫ್ಟ್‌ನ ಆ ಓರೆ ಗೀರುಗಳ ಮೊನೆಯನ್ನು ನುಣುಪು ಎಮೆರಿ ಪಟ್ಟಿಯಿಂದ, ಉಗುರಿಗೆ ತಡೆಯದಷ್ಟು ಮಾತ್ರ ಉಜ್ಜಿಕೊಂಡೆ. ಶಾಫ್ಟ್ ತೀರಾ ಸವೆದಿದ್ದು, ಎಂಜಿನ್ ಹೇಗೂ ಬಿಚ್ಚಿದ್ದರೆ, ಈಗಲೂ ನಾನು ರೋಪ್ ಸೀಲನ್ನೇ ಆರಿಸುತ್ತೇನೆ.

ಆಯಿಲ್ ಪ್ಯಾನ್‌ನ ಗ್ಯಾಸ್ಕೆಟ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕಾರ್ಕ್‌ಗಿಂತ ಅಚ್ಚಿನ ರಬ್ಬರ್ ಚೆನ್ನಾಗಿ ನಿಂತಿತು, ಆದರೆ ಎರಡಕ್ಕೂ ಮೊದಲು ಪ್ಯಾನಿನ ಬೋಲ್ಟ್ ತೂತುಗಳ ಸುತ್ತ ಉಬ್ಬಿದ ತಗಡನ್ನು ಬಡಿದು ಸಮ ಮಾಡಬೇಕಾಯಿತು.

ಲಿಪ್ ಸೀಲ್ ಹಾಕಿ 14 ತಿಂಗಳಾದವು. ಪ್ರತಿ ಭಾನುವಾರ ಅದೇ ರಂಧ್ರದಡಿ ಹೀರುಕಾಗದ ಹಾಸುತ್ತೇನೆ. ಕಪ್ಪಾಗಲಿ ಕೆಂಪಾಗಲಿ ಅದರ ಮೇಲೆ ಇದುವರೆಗೆ ಬಿದ್ದಿಲ್ಲ. ಬೆಲ್‌ಹೌಸಿಂಗ್‌ನ ಅಂಚಿಗೆ ಬೆರಳು ಒರೆಸಿದರೆ ಮಾತ್ರ ತೆಳುವಾದ ಜಿಡ್ಡು ಹತ್ತುತ್ತದೆ.