ಓಪನ್‌ಸಿಮ್ ಜೊತೆ ನಾಲ್ಕು ವರ್ಷ: ನನ್ನ ದ್ವೀಪಕ್ಕೆ ನಾನೇ ಹೋಗಲಾಗದ ಕಥೆ

ನನ್ನ ದ್ವೀಪಕ್ಕೆ ಮೊದಲ ಸಲ ನೆಂಟರು ಬಂದಾಗ ನಾನು ಹೊರಗೇ ಉಳಿದೆ. ಓಪನ್‌ಸಿಮ್ಯುಲೇಟರ್ (ಚಿಕ್ಕದಾಗಿ ಓಪನ್‌ಸಿಮ್) ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ನಾನೇ ನಡೆಸುವ, ಅವತಾರ್ ಆಗಿ ಓಡಾಡುವ ಕಂಪ್ಯೂಟರ್ ದ್ವೀಪ ಇದು. ಸರ್ವರ್ ಇದ್ದದ್ದು ನನ್ನ ಮೇಜಿನ ಕೆಳಗೆ, ಹಳೇ ಕಂಪ್ಯೂಟರ್‌ನಲ್ಲಿ. ಕನ್ಸೋಲ್‌ನಲ್ಲಿ ‘ಶೋ ಯೂಸರ್ಸ್’ ಅಂತ ಆಜ್ಞೆ ಹೊಡೆದರೆ ಬೇರೆ ಗ್ರಿಡ್‌ನ (ಅಂದರೆ ಬೇರೆಯವರು ನಡೆಸುವ ಇಂಥದ್ದೇ ಲೋಕದ) ಇಬ್ಬರ ಹೆಸರು ಕಾಣುತ್ತಿತ್ತು. ಅವರು ನನ್ನ ತೋಟದಲ್ಲಿ ಹಾಯಾಗಿ ಓಡಾಡುತ್ತಿದ್ದರು. ನಾನು ಮಾತ್ರ ಲಾಗಿನ್ ಪರದೆ ನೋಡುತ್ತಾ ಕೂತಿದ್ದೆ.

ತಪ್ಪು ಓಪನ್‌ಸಿಮ್ಯುಲೇಟರ್‌ನದ್ದಲ್ಲ, ರೂಟರ್‌ನದ್ದು. ಹೊರಗಿನವರಿಗೆ ಸಿಗಬೇಕು ಅಂದರೆ ರೀಜನ್ (ಅಂದರೆ ದ್ವೀಪದ ನೆಲ) ಫೈಲ್‌ನಲ್ಲಿ ಮನೆಯ ಹೊರವಿಳಾಸ, ಅಂದರೆ ಇಂಟರ್ನೆಟ್‌ಗೆ ಕಾಣುವ ವಿಳಾಸ ಕೊಡಬೇಕು. ಮನೆಯೊಳಗಿಂದ ಅದೇ ವಿಳಾಸಕ್ಕೆ ಹೋದರೆ ಕೆಲವು ರೂಟರ್‌ಗಳಿಗೆ ಅದನ್ನು ವಾಪಸ್ ಒಳಗೆ ತಿರುಗಿಸೋಕೆ ಬರಲ್ಲ. ಹಾಗೆ ತಿರುಗಿಸೋದಕ್ಕೆ ನ್ಯಾಟ್ ಲೂಪ್‌ಬ್ಯಾಕ್ ಅಂತಾರೆ. ರೂಟರ್ ಡಬ್ಬಿಯ ಮೇಲೆ ಇದನ್ನು ಯಾರೂ ಬರೆಯಲ್ಲ. ಸರ್ವರ್ ಮತ್ತು ನಾನು ಬಳಸುವ ಕಂಪ್ಯೂಟರ್, ಎರಡರ ಹೋಸ್ಟ್ಸ್ ಫೈಲ್‌ನಲ್ಲೂ (ಯಾವ ಹೆಸರಿಗೆ ಯಾವ ವಿಳಾಸ ಅನ್ನೋ ಪಟ್ಟಿ) ನನ್ನ ಡೊಮೇನ್ ಹೆಸರಿನ ಎದುರು ಒಳವಿಳಾಸ ಬರೆದ ಮೇಲೆ ಬಾಗಿಲು ತೆರೆಯಿತು. ಅದಕ್ಕೂ ಮುಂಚೆ ಒಂದು ವಾರ ರೂಟರ್‌ನ 9000ನೇ ಪೋರ್ಟ್‌ನಲ್ಲಿ ಟಿಸಿಪಿಗೆ ಮಾತ್ರ ದಾರಿ ತೆರೆದು ಯುಡಿಪಿ ಮರೆತಿದ್ದೆ; ಡೇಟಾ ಸಾಗುವ ಈ ಎರಡು ವಿಧಾನವೂ ಬೇಕು. ಅದು ನನ್ನದೇ ದಡ್ಡತನ, ಬಿಡಿ.

ಓಪನ್‌ಸಿಮ್ 2007ರಲ್ಲಿ ಶುರುವಾದ ಯೋಜನೆ. ಸೆಕೆಂಡ್ ಲೈಫ್ ಅನ್ನೋ ಆನ್‌ಲೈನ್ ಲೋಕದ ವ್ಯೂವರ್ (ಲೋಕದೊಳಗೆ ಹೋಗೋಕೆ ಬಳಸುವ ಪ್ರೋಗ್ರಾಂ) ಕೋಡ್ ಮುಕ್ತವಾದ ವರ್ಷವೂ ಅದೇ. ನಾನು ಇಲ್ಲಿಗೆ ಬಂದ ಕಾರಣ ಸರಳ: ಸೆಕೆಂಡ್ ಲೈಫ್‌ನಲ್ಲಿ ತಿಂಗಳು ತಿಂಗಳು ಜಮೀನಿನ ಬಾಡಿಗೆ ಕಟ್ಟೋಕೆ ನನಗೆ ಮನಸ್ಸಿಲ್ಲ. ಇಲ್ಲಿ 256 ಮೀಟರ್ ಉದ್ದ, ಅಷ್ಟೇ ಅಗಲದ ನೆಲ ಪುಕ್ಕಟೆ. ಮೊದಲು ಸಿಗೋದು ನೀರಿನ ನಡುವೆ ಒಂದು ಪುಟ್ಟ ಗುಡ್ಡ. ನೀರಿನ ಮಟ್ಟ 20 ಮೀಟರ್. ಕನ್ಸೋಲ್‌ನಲ್ಲಿ ‘ಟೆರೇನ್ ಫಿಲ್ 21’ ಅಂದರೆ ಇಡೀ ರೀಜನ್ ಒಣ ಬಯಲು. ಆ ಬಯಲು ನೋಡಿದಾಗ ಆದ ಖುಷಿ ಆಮೇಲೆ ಕಟ್ಟಿದ ಯಾವ ಮನೆಯಿಂದಲೂ ಆಗಲಿಲ್ಲ.

ಆದರೆ ನನ್ನನ್ನು ಹಿಡಿದಿಟ್ಟಿದ್ದು ಹೈಪರ್‌ಗ್ರಿಡ್. ಒಂದು ಗ್ರಿಡ್‌ನಿಂದ ಇನ್ನೊಂದಕ್ಕೆ ಹೋಗೋಕೆ ಕ್ರಿಸ್ಟಾ ಲೋಪೆಸ್ ಎಂಬ ಪ್ರೊಫೆಸರ್ ರೂಪಿಸಿದ ವ್ಯವಸ್ಥೆ ಇದು. ಬೇರೆಯವರ ಸರ್ವರ್‌ನಲ್ಲಿ ಖಾತೆ ತೆರೆಯಬೇಕಿಲ್ಲ. ಮ್ಯಾಪ್‌ನಲ್ಲಿ ವಿಳಾಸ ಹಾಕಿ ಟೆಲಿಪೋರ್ಟ್ ಒತ್ತಿದರೆ ನಿಮ್ಮ ಅವತಾರ್ ಅದೇ ಬಟ್ಟೆಯಲ್ಲಿ ಅಲ್ಲಿ ನಿಂತಿರುತ್ತದೆ. ಹೆಸರಿನ ಪಕ್ಕ ನಿಮ್ಮ ಗ್ರಿಡ್‌ನ ವಿಳಾಸ.

ಅಲ್ಲಿ ಹೋಗಿ ಬಟ್ಟೆ ಬದಲಿಸೋಣ ಅಂದರೆ ಇನ್ವೆಂಟರಿಯಲ್ಲಿ (ನಮ್ಮ ಸಾಮಾನಿನ ಪಟ್ಟಿಯಲ್ಲಿ) ಏನೂ ಇಲ್ಲ! ‘ಮೈ ಸೂಟ್‌ಕೇಸ್’ ಅನ್ನೋ ಫೋಲ್ಡರ್‌ನಲ್ಲಿ ಇಟ್ಟಿದ್ದು ಮಾತ್ರ ಸಿಗುತ್ತದೆ. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ: ಗುರುತಿಲ್ಲದವರ ಸರ್ವರ್‌ಗೆ ನನ್ನ ಪೂರ್ತಿ ಬೀರು ಯಾಕೆ ತೆರೆದಿಡಬೇಕು, ಅಲ್ವಾ? ಈಗ ಹೊರಡೋ ಮುಂಚೆ ಸೂಟ್‌ಕೇಸ್ ತುಂಬೋದೇ ಒಂದು ಸಂಭ್ರಮ. ಒಂದು ಅಂಗಿ, ಒಂದು ಕೊಡೆ, ಯಾರಿಗಾದರೂ ಕೊಡೋಕೆ ನಾನೇ ಮಾಡಿದ ಮರದ ಬೆಂಚು. ಅಲ್ಲಿ ಸಿಕ್ಕಿದ್ದು ಸೂಟ್‌ಕೇಸ್‌ಗೇ ಬೀಳುತ್ತದೆ, ಮನೆಗೆ ಬಂದು ಒಂದೊಂದಾಗಿ ತೆಗೆದಿಡೋದು.

ಮನೆಗೆ ಬರೋದು ಅಂದೆನಲ್ಲ, ಅಲ್ಲೇ ಮತ್ತೆ ಎಡವಟ್ಟು. ದೂರದ ಸರ್ವರ್‌ಗೆ ನನ್ನ ಹೋಸ್ಟ್ಸ್ ಫೈಲ್ ಏನು ಗೊತ್ತು? ವಾಪಸ್ ಕಳಿಸುವಾಗ ಅದು ನನ್ನ ವ್ಯೂವರ್‌ಗೆ ಹೊರವಿಳಾಸ ಕೊಡುತ್ತಿತ್ತು. ಮತ್ತೆ ಅದೇ ಗೋಡೆ. ಮೂರು ವರ್ಷ ನಾನು ಎಲ್ಲಿಗೆ ಹೋದರೂ ಟೆಲಿಪೋರ್ಟ್‌ನಲ್ಲಿ ಹೋಗುವುದು, ಲಾಗ್‌ಔಟ್ ಆಗಿ ಮನೆ ಸೇರುವುದು. ಮಾತಾಡುತ್ತಿದ್ದವರು “ಹೊರಟ್ರಾ?” ಅನ್ನೋ ಹೊತ್ತಿಗೆ ನಾನು ಮಾಯ.

ಇನ್ನೊಂದು ಬೇಜಾರು: ಗ್ರಿಡ್ ನಡೆಸುವವರು ನನ್ನಂಥವರೇ ಜಾಸ್ತಿ. ಯಂತ್ರ ಕೆಟ್ಟರೆ, ಆಸಕ್ತಿ ಹೋದರೆ ಲೋಕವೇ ಮುಚ್ಚುತ್ತದೆ. ನಾನು ವಾರಕ್ಕೊಮ್ಮೆ ಹೋಗುತ್ತಿದ್ದ ಒಂದು ಬಂದರು ಒಂದು ದಿನ ಸುಮ್ನೆ ಇಲ್ಲವಾಯಿತು. ಅದರ ಲ್ಯಾಂಡ್‌ಮಾರ್ಕ್ (ಉಳಿಸಿಟ್ಟ ವಿಳಾಸ) ಇನ್ನೂ ಇಟ್ಟುಕೊಂಡಿದ್ದೇನೆ. ಅದಕ್ಕೇ ರಾತ್ರಿ ಮಲಗೋ ಮುಂಚೆ ‘ಸೇವ್ ಓಎಆರ್’ ಹೊಡೆದು, ತಾರೀಕು ಹಾಕಿ, ಇಡೀ ದ್ವೀಪವನ್ನು ಒಂದು ಫೈಲ್‌ನಲ್ಲಿ ಕಟ್ಟಿಡುತ್ತೇನೆ. ಫೈಲ್ ಬರೆದು ಮುಗಿಯುವವರೆಗೆ ಕನ್ಸೋಲ್ ನೋಡುತ್ತಾ ಕೂರದೆ ನಿದ್ದೆ ಬರಲ್ಲ.

ಶುರು ಮಾಡುವವರಿಗೆ ಎರಡೇ ಮಾತು. ಫೈರ್‌ಸ್ಟಾರ್ಮ್ ವ್ಯೂವರ್ ಇಳಿಸುವಾಗ ಓಪನ್‌ಸಿಮ್‌ಗೆ ಅಂತಲೇ ಇರುವುದನ್ನು ಆರಿಸಿ. ರೂಟರ್ ಕೊಳ್ಳುವ ಮುಂಚೆ ಲೂಪ್‌ಬ್ಯಾಕ್ ಇದೆಯಾ ಕೇಳಿ.

ನಾನು ಕಳೆದ ವರ್ಷ ಕೊನೆಗೂ ರೂಟರ್ ಬದಲಿಸಿದೆ. ಹೋಸ್ಟ್ಸ್ ಫೈಲ್‌ನ ಸಾಲು ಅಳಿಸಿ, ದೂರದ ಒಂದು ಗ್ರಿಡ್‌ಗೆ ಹೋಗಿ, ‘ಹೋಮ್’ ಒತ್ತಿದೆ. ಸೀದಾ ನನ್ನ ಬೆಂಚಿನ ಪಕ್ಕ ಬಂದು ನಿಂತೆ. ನಂಬಿಕೆ ಬರಲಿಲ್ಲ. ಇನ್ನೂ ಎರಡು ಸಲ ಹೋಗಿ ಬಂದೆ.