ಕರಾವಳಿಯಿಂದ ಬೆಂಗಳೂರು ಏರ್‌ಪೋರ್ಟಿಗೆ ಆರೂವರೆ ಗಂಟೆ ಅಂದರೆ ಮಳೆಗಾಲದಲ್ಲಿ ನಂಬಬೇಡಿ

ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೆಂಗಳೂರಿನಿಂದ ವಿಮಾನ ಹತ್ತಬೇಕಾದ ಕರಾವಳಿಯವರು ದಯವಿಟ್ಟು ಇದನ್ನು ಓದಿ. ನನ್ನ ಅಪ್ಪ ಅಮ್ಮನಿಗೆ ಆದದ್ದು ಇನ್ಯಾರಿಗೂ ಆಗಬಾರದು.

ತಂಗಿ ಸಿಂಗಾಪುರದಲ್ಲಿದ್ದಾಳೆ. ಅವಳ ಹೆರಿಗೆಗೆಂದು ಇಬ್ಬರೂ ಹೊರಟಿದ್ದರು. ರಾತ್ರಿ ಹತ್ತೂವರೆಗೆ ಬೆಂಗಳೂರಿನಿಂದ ವಿಮಾನ. ಟಿಕೆಟ್, ಕಾರು ಎರಡನ್ನೂ ಒಬ್ಬರೇ ಏಜೆಂಟ್ ಮಾಡಿಕೊಟ್ಟರು. "ಜುಲೈ ತಿಂಗಳು, ಹಿಂದಿನ ದಿನವೇ ಹೋಗೋದು ಒಳ್ಳೇದಲ್ವಾ?" ಎಂದು ಅಪ್ಪ ಕೇಳಿದ್ದರು. ಏಜೆಂಟ್ ಮೊಬೈಲ್ ತೋರಿಸಿ, "ಆರೂವರೆ ಗಂಟೆ ದಾರಿ ಸರ್, ಬೆಳಿಗ್ಗೆ ಹನ್ನೊಂದಕ್ಕೆ ಪುತ್ತೂರು ಬಿಟ್ಟರೆ ಧಾರಾಳ" ಅಂದರು.

ಶಿರಾಡಿ ಘಾಟಿಯ ಬುಡದ ಗುಂಡ್ಯದಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಮೇಲೆ ಗುಡ್ಡ ಜರಿದಿತ್ತು. ಶಿರಾಡಿಯಲ್ಲಿ ಇದು ಹೊಸದಲ್ಲ. 2018ರಲ್ಲಿ ಘಾಟಿ ವಾರಗಟ್ಟಲೆ ಮುಚ್ಚಿತ್ತು, 2024ರ ಜುಲೈಯಲ್ಲಿ ದೊಡ್ಡತಪ್ಪಲೆ ಹತ್ತಿರ ಮತ್ತೆ ಮತ್ತೆ ಮಣ್ಣು ಕುಸಿದಿತ್ತು. ಟಿಕೆಟ್ ಮಾರುವವರಿಗೆ ಇದು ಗೊತ್ತಿಲ್ಲದ ವಿಷಯವೇ? ಕಾದೂ ಕಾದೂ ಡ್ರೈವರ್ ಕಾರು ಹಿಂದೆ ತಿರುಗಿಸಿದರು. ಪೆರಿಯಶಾಂತಿ, ಧರ್ಮಸ್ಥಳ, ಉಜಿರೆ, ಆಮೇಲೆ ಚಾರ್ಮಾಡಿ ಘಾಟಿ. ಅಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ತಿರುವೇ ಕಾಣಿಸುತ್ತಿರಲಿಲ್ಲ. ಅಮ್ಮ ದಾರಿಯುದ್ದಕ್ಕೂ ಗಡಿಯಾರ ನೋಡುತ್ತಿದ್ದರಂತೆ. ಹಾಸನ ತಲುಪುವಾಗಲೇ ಕತ್ತಲಾಗಿತ್ತು.

ನೆಲಮಂಗಲ ಬಂದರೆ ಬೆಂಗಳೂರು ಬಂದ ಹಾಗೆ ಎಂದುಕೊಳ್ಳುತ್ತೇವೆ. ಆದರೆ ಏರ್‌ಪೋರ್ಟ್ ಇರುವುದು ದೇವನಹಳ್ಳಿಯಲ್ಲಿ, ಮೆಜೆಸ್ಟಿಕ್‌ನಿಂದಲೇ ಸುಮಾರು 35 ಕಿ.ಮೀ. ದೂರ. ಸಂಜೆ ಟ್ರಾಫಿಕ್‌ನಲ್ಲಿ ಆ ಕೊನೆಯ ತುಂಡಿಗೇ ಒಂದು ಗಂಟೆಗಿಂತ ಜಾಸ್ತಿ ಬೇಕು. ವಿದೇಶದ ವಿಮಾನಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಇವರು ಒಳಗೆ ಹೋಗುವಾಗ ಹತ್ತು ದಾಟಿತ್ತು. ಎಪ್ಪತ್ತು ದಾಟಿದ ಇಬ್ಬರು ಆ ರಾತ್ರಿಯೆಲ್ಲ ಕುರ್ಚಿಯಲ್ಲೇ ಕೂತಿದ್ದರು. ಏಜೆಂಟ್ ಫೋನ್‌ನಲ್ಲಿ ಹೇಳಿದ್ದು ಒಂದೇ ಮಾತು: "ಗುಡ್ಡ ಜರಿದರೆ ನಾನೇನು ಮಾಡಲಿ?"

ದೂರ ತೋರಿಸುವ ಜಾಲತಾಣಗಳ ಲೆಕ್ಕವನ್ನೂ ಸರಿಯಾಗಿ ನೋಡಿ. ಬೆಂಗಳೂರು-ಮಂಗಳೂರು 300 ಕಿ.ಮೀ. ಎಂದಿದ್ದರೆ ಅದು ನಕ್ಷೆಯಲ್ಲಿ ಗೆರೆ ಎಳೆದ ದೂರ. ರಸ್ತೆಯಲ್ಲಿ ಸುಮಾರು 350. ವಿಮಾನ ಒಂದು ಗಂಟೆ ಎನ್ನುವುದು ನಿಜ, ಆದರೆ ಮಂಗಳೂರು ಏರ್‌ಪೋರ್ಟ್ ಇರುವ ಬಜ್ಪೆಗೆ ಹೋಗುವುದು, ಅಲ್ಲಿ ಕಾಯುವುದು ಯಾವುದೂ ಅದರಲ್ಲಿ ಸೇರಿಲ್ಲ. ಮಳೆಗೆ ದಾರಿ ಕಾಣದಿದ್ದರೆ ಬಜ್ಪೆಯಲ್ಲಿ ಇಳಿಯಬೇಕಾದ ವಿಮಾನ ಬೇರೆ ಊರಿಗೆ ತಿರುಗುವುದೂ ಇದೆ.

ಹಾಗಾಗಿ ರಸ್ತೆಯಲ್ಲಿ ಹೋಗುವುದಾದರೆ ಹಿಂದಿನ ದಿನವೇ ಹೋಗಿ ದೇವನಹಳ್ಳಿ ಕಡೆ ಉಳಿಯಿರಿ. ವಿಮಾನದಲ್ಲಾದರೆ ಬಜ್ಪೆಯಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್, ಒಂದೇ ಪಿಎನ್‌ಆರ್ (ಬುಕಿಂಗ್ ನಂಬರ್) ಇರಲಿ. ಆಗ ಮೊದಲ ವಿಮಾನ ತಡವಾದರೆ ಮುಂದೆ ಕಳಿಸುವ ಹೊಣೆ ವಿಮಾನ ಕಂಪನಿಯದ್ದು. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿ ಸ್ವಲ್ಪ ಹಣ ಉಳಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಈಗಾಗಲೇ ವಿಮಾನ ತಪ್ಪಿಸಿಕೊಂಡವರಿಗೆ ಒಂದು ಮಾತು. ಟಿಕೆಟ್ ದರ ಹೋದರೂ ಅದರೊಳಗಿನ ಸರ್ಕಾರಿ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ವಾಪಸ್ ಕೊಡಬೇಕೆಂಬ ನಿಯಮವಿದೆ. ನಮ್ಮ ಏಜೆಂಟ್ ಅದನ್ನು ಹೇಳಲೇ ಇಲ್ಲ. ಬರೆದು ಕೇಳಿ.